ಕುಸ್ತಿ ತರಬೇತುದಾರರ ಕೆಲಸವನ್ನು ಅಳೆಯುವುದು ಹೇಗೆ? ಕೇಳುತ್ತಿರುವವನು ವಾಲಿಬಾಲ್ ಆಡಿದವನು

ವಾಲಿಬಾಲ್ ಮಾಸ್ತರ, ಧಾರವಾಡ ಜಿಲ್ಲೆ:

ಈ ತಿಂಗಳ 20ರೊಳಗೆ ನಾನು ಒಂದು ಪುಟದ ವರದಿ ಬರೆದುಕೊಡಬೇಕು. ನಮ್ಮ ಪದವಿ ಕಾಲೇಜಿನ ಕುಸ್ತಿ ತರಬೇತುದಾರರನ್ನು ಮುಂದಿನ ವರ್ಷವೂ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಆಡಳಿತ ಮಂಡಳಿ ಆ ಪುಟ ನೋಡಿ ತೀರ್ಮಾನಿಸುತ್ತದೆ. ನಾನು ಇಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ, ಇಪ್ಪತ್ತೆರಡು ವರ್ಷ ಆಯಿತು. ಆಡಿದ್ದು ವಾಲಿಬಾಲ್. ಕುಸ್ತಿಯೆಂದರೆ ನನಗೆ ಗೊತ್ತಿದ್ದದ್ದು ಊರ ಜಾತ್ರೆಯಲ್ಲಿ ಅಪ್ಪನ ಹೆಗಲೇರಿ ನೋಡಿದಷ್ಟು: ಹಲಗೆ ಬಡಿಯುತ್ತಿರುತ್ತಿತ್ತು, ಒಬ್ಬನ ಬೆನ್ನು ಮಣ್ಣಿಗೆ ಹತ್ತಿತೆಂದರೆ ಮುಗಿಯಿತು, ಗೆದ್ದವನ ತಲೆಗೆ ಪಟಕಾ ಸುತ್ತಿ ಅದಕ್ಕೆ ನೋಟು ಸಿಕ್ಕಿಸುತ್ತಿದ್ದರು. ಅಂಥವನ ಕೈಗೆ ಈಗ ತಕ್ಕಡಿ ಬಂದಿದೆ.

ಕಚೇರಿಯಿಂದ ಬಂದ ಹಾಳೆಯಲ್ಲಿ ಐದು ಅಂಕಣಗಳಿವೆ: ಪದಕ, ಭಾಗವಹಿಸಿದವರು, ಹಾಜರಾತಿ, ದಾಖಲೆ ನಿರ್ವಹಣೆ, ಶಿಸ್ತು. ಒಂದೊಂದಕ್ಕೆ ಇಪ್ಪತ್ತು ಅಂಕ. ಕೆಳಗೆ ‘ಒಟ್ಟು’ ಎಂದು ಒಂದು ಚೌಕ. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸಲು ಬೇಕಂತೆ. ಗ್ರಂಥಪಾಲಕರಿಗೂ ಇದೇ ಹಾಳೆ ಹೋಗಿದೆ, ಮೊದಲ ಅಂಕಣವೊಂದು ಬೇರೆ.

ಹಾಳೆಯ ಪ್ರಕಾರ ಹೋದರೆ ನಮ್ಮ ತರಬೇತುದಾರರು ಮನೆಗೆ ಹೋಗಬೇಕು. ಹಿಂದಿನವರ ಕೊನೆಯ ಎರಡು ವರ್ಷಗಳಲ್ಲಿ ಅಂತರ ಕಾಲೇಜು ಕೂಟದಲ್ಲಿ ಎರಡು ಚಿನ್ನ ಸೇರಿ ಐದು ಪದಕ ಬಂದಿದ್ದವು. ಇವರ ಎರಡು ವರ್ಷಗಳಲ್ಲಿ ಮೂರು: ಮೊದಲ ವರ್ಷ ಏನೂ ಇಲ್ಲ, ಈ ವರ್ಷ ಒಂದು ಬೆಳ್ಳಿ, ಎರಡು ಕಂಚು. ಆದರೆ ಆ ಐದು ಪದಕಗಳನ್ನು ತಂದದ್ದು ಮೂರೇ ಹುಡುಗರು. ಮೂವರೂ ಹತ್ತನೆಯ ವಯಸ್ಸಿನಿಂದ ಕ್ರೀಡಾ ವಸತಿ ನಿಲಯದಲ್ಲಿ ಬೆಳೆದವರು, ಕಾಲೇಜಿಗೆ ಬರುವಾಗಲೇ ವರ್ಷಗಟ್ಟಲೆ ಕುಸ್ತಿಯಾಡಿ ಕಿವಿ ಮುರಿದು ಮುದ್ದೆಯಾಗಿತ್ತು. ಹಾಲು ಕಾಯಿಸಿದವರು ಯಾರೋ, ಕೆನೆ ತಿಂದವರು ನಾವು. ಈ ವರ್ಷದ ಬೆಳ್ಳಿಯ ಹುಡುಗ ಬಿ.ಎ. ಸೇರುವಾಗ ಕಬಡ್ಡಿ ಆಡುತ್ತಿದ್ದ, ಕುಸ್ತಿಯ ಬೂಟನ್ನು ಕಾಲಿಗೆ ಹಾಕಿದ್ದೇ ಇಲ್ಲ. ಮುಂಜಾನೆ ಐದೂವರೆಗೆ ಬರುತ್ತಿದ್ದವರು ಆಗ ಹದಿನಾಲ್ಕು ಜನ, ಈಗ ಇಪ್ಪತ್ತಮೂರು, ಅವರಲ್ಲಿ ಆರು ಹುಡುಗಿಯರು. ಇದಕ್ಕೆ ಹಾಳೆಯಲ್ಲಿ ಜಾಗವಿಲ್ಲ.

ಅವರ ಮೇಲಿನ ದೂರುಗಳೂ ಸಣ್ಣವಲ್ಲ. ಮೂರನ್ನು ಹೇಳುತ್ತೇನೆ.

ಒಂದು, ಆ ಬೆಳ್ಳಿಯ ಪದಕವೇ. 61 ಕೆ.ಜಿ. ಫೈನಲ್‌ನಲ್ಲಿ ನಾನು ಅಂಗಳದ ಪಕ್ಕದಲ್ಲೇ ಕುಳಿತಿದ್ದೆ. ಎದುರಾಳಿ ನಮ್ಮವನನ್ನು ಎತ್ತಿ ಒಗೆದು ನಾಲ್ಕು ಅಂಕ ಪಡೆದ, ಆಮೇಲೆ ಇನ್ನೆರಡು. ನಮ್ಮವನು ಎರಡೆರಡರಂತೆ ಮೂರು ಸಲ ಕಾಲು ಹಿಡಿದು ಕೆಡವಿ ಆರಕ್ಕೆ ಆರು ಮಾಡಿದ. ಇಪ್ಪತ್ತು ಸೆಕೆಂಡು ಉಳಿದಿತ್ತು. ಕೊನೆಯ ಅಂಕ ತನ್ನದು, ಆದ್ದರಿಂದ ತಾನೇ ಮುಂದೆ ಎಂದುಕೊಂಡು ಹುಡುಗ ದೂರ ದೂರ ಸುತ್ತಾಡಿದ. ಸಮಬಲವಾದರೆ ಒಬ್ಬರು ಮುಂದೆ ಹೋಗುವ ತನಕ ಆಟ ಮುಂದುವರಿಸುತ್ತಾರೆ ಎಂದು ನಾನು ಎಣಿಸಿದ್ದೆ, ವಾಲಿಬಾಲ್ ಬುದ್ಧಿ. ಸೀಟಿ ಊದಿತು, ಕೈ ಎತ್ತಿದ್ದು ಎದುರಾಳಿಯದು. ಅಂಕ ಸಮವಾದರೆ ದೊಡ್ಡ ಅಂಕದ ಪಟ್ಟು ಹಾಕಿದವನೇ ಗೆದ್ದಂತೆ, ಅವನ ಬಳಿ ಒಂದು ‘ನಾಲ್ಕು’ ಇತ್ತು. ಇದು ಹುಡುಗನಿಗೆ ಗೊತ್ತಿಲ್ಲದಿದ್ದರೆ ಇರಲಿ, ಮೂಲೆಯಲ್ಲಿ ಕುಳಿತ ತರಬೇತುದಾರರು ಕೂಗಬೇಕಿತ್ತಲ್ಲ? ಅವರು ಟವೆಲ್ ಹಿಡಿದು ಸುಮ್ಮನೆ ಕುಳಿತಿದ್ದರು.

ಎರಡು, ಒಬ್ಬ ತಂದೆಯ ದೂರು ಪತ್ರ. ಅವರ ಮಗನ ಹೆಸರನ್ನು 65 ಕೆ.ಜಿ.ಗೆ ಕಳುಹಿಸಿತ್ತು. ಕೂಟಕ್ಕೆ ಮೂರು ದಿನ ಇರುವಾಗ ಹುಡುಗ 70 ತೂಗುತ್ತಿದ್ದ. ಐದು ಕೆ.ಜಿ. ಇಳಿಸುತ್ತೇನೆ, ಎಲ್ಲರೂ ಇಳಿಸುತ್ತಾರೆ ಎಂದು ಅವನು ಹಟ ಹಿಡಿದ. ತರಬೇತುದಾರರು ಒಪ್ಪಲಿಲ್ಲ, ಹೆಸರು ಹಿಂದಕ್ಕೆ ಪಡೆದರು. ‘ನನ್ನ ಮಗನ ಒಂದು ವರ್ಷ ಹಾಳಾಯಿತು, ಇದಕ್ಕೆ ಹೊಣೆ ಯಾರು’ ಎಂದು ತಂದೆ ಬರೆದಿದ್ದಾರೆ. ಪ್ರಾಂಶುಪಾಲರು ಅದರ ಮೇಲೆ ‘ಪರಿಶೀಲಿಸಿ’ ಎಂದು ಹಸಿರು ಶಾಯಿಯಲ್ಲಿ ಬರೆದು ನನಗೆ ಕಳುಹಿಸಿದ್ದಾರೆ.

ಮೂರು, ದಿನಚರಿ ಪುಸ್ತಕ. ಜುಲೈ ತಿಂಗಳಿಂದ ಖಾಲಿ. ನಾನು ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲವೂ ‘ಆಯಿತು ಸರ್’ ಎಂದಿದ್ದಾರೆ.

ಮನುಷ್ಯ ಒಳ್ಳೆಯವರು ಎಂಬ ಕಾರಣಕ್ಕೆ ಉಳಿಸಲು ನನಗೆ ಇಷ್ಟವಿಲ್ಲ, ಪದಕ ಕಡಿಮೆ ಎಂಬ ಕಾರಣಕ್ಕೆ ಕಳುಹಿಸಲೂ ಇಷ್ಟವಿಲ್ಲ. ಕುಸ್ತಿ ಬಲ್ಲವರು ಹೇಳಿ: ನನ್ನಂಥವನು ಎಲ್ಲಿ ನೋಡಬೇಕು, ಏನನ್ನು ಎಣಿಸಬೇಕು?

ನಿವೃತ್ತ ತರಬೇತುದಾರ, ದಾವಣಗೆರೆ:

ಮಾಸ್ತರೇ, ಪ್ರಶ್ನೆಯಲ್ಲೇ ಅರ್ಧ ಉತ್ತರ ಬರೆದಿದ್ದೀರಿ.

ಪಂದ್ಯವನ್ನು ಬಿಡಿ, ಅಭ್ಯಾಸಕ್ಕೆ ಹೋಗಿ. ಹೇಳದೆ ಹೋಗಿ. ಹೋದ ತಕ್ಷಣ ತಂಡದ ಒಳ್ಳೆಯ ಹುಡುಗನನ್ನು ನೋಡಬೇಡಿ, ಅವನು ಯಾರ ಕೈಯಲ್ಲಾದರೂ ಬೆಳೆಯುತ್ತಾನೆ. ಎಲ್ಲರಿಗಿಂತ ಹಿಂದುಳಿದವನನ್ನು ಹುಡುಕಿ. ಅವನಿಗೆ ಜೋಡಿ ಯಾರು? ಬರೀ ಒಗೆಸಿಕೊಳ್ಳಲು ಅವನನ್ನು ಇಟ್ಟುಕೊಂಡಿದ್ದಾರೋ, ಅವನಿಗೂ ಒಂದು ಪಟ್ಟು ಕಲಿಸಿ ಅದನ್ನೇ ಐವತ್ತು ಸಲ ಮಾಡಿಸುತ್ತಿದ್ದಾರೋ? ಕಲಿಸುವವನ ಗುಣ ಅಲ್ಲಿ ತಿಳಿಯುತ್ತದೆ.

ಆಮೇಲೆ ಮ್ಯಾಟ್ ಮುಟ್ಟಿ ನೋಡಿ. ನಿಜವಾಗಿ ಬಗ್ಗಿ, ಅಂಗೈ ಒರೆಸಿ ನೋಡಿ. ಪ್ರತಿದಿನ ಕ್ರಿಮಿನಾಶಕ ಹಾಕಿ ಒರೆಸದಿದ್ದರೆ ಹುಡುಗರ ಕುತ್ತಿಗೆ, ಮುಂಗೈ ಮೇಲೆ ಹುಳುಕಡ್ಡಿ ಏಳುತ್ತದೆ. ಒಬ್ಬನಿಗೆ ಬಂದರೆ ಹದಿನೈದು ದಿನಗಳಲ್ಲಿ ಅರ್ಧ ತಂಡಕ್ಕೆ. ಪದಕದ ಪಟ್ಟಿಯಲ್ಲಿ ಸುಳ್ಳು ಸೇರಿಸಬಹುದು, ಚರ್ಮದ ಮೇಲೆ ಆಗುವುದಿಲ್ಲ.

ಎಣಿಸುವುದಕ್ಕೂ ಇದೆ. ಈಗ ಎಲ್ಲ ಹುಡುಗರೂ ಪಂದ್ಯವನ್ನು ಮೊಬೈಲ್‌ನಲ್ಲಿ ತೆಗೆದಿರುತ್ತಾರೆ. ಹತ್ತು ಪಂದ್ಯ ಕೇಳಿ ಪಡೆಯಿರಿ. ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ಬಿಡುವು. ಮೊದಲ ಅಂಕ ಯಾರದು, ಬರೆದುಕೊಳ್ಳಿ. ಪ್ರತಿ ಸುತ್ತಿನ ಕೊನೆಯ ಅರ್ಧ ನಿಮಿಷದಲ್ಲಿ ನಮ್ಮವರು ಎಷ್ಟು ಅಂಕ ಬಿಟ್ಟುಕೊಟ್ಟರು, ಅದನ್ನು ಬರೆದುಕೊಳ್ಳಿ. ಕೆಳಗೆ ಬಿದ್ದ ಮೇಲೆ ಏನಾಯಿತು ಎಂಬುದು ಎಲ್ಲಕ್ಕಿಂತ ಮುಖ್ಯ. ಕೆಡವಿದರೆ ಎರಡಂಕ. ಬಿದ್ದವನ ಸೊಂಟ ಹಿಡಿದು ಉರುಳಿಸಿದರೆ ಒಂದೊಂದು ಉರುಳಿಗೂ ಇನ್ನೆರಡು. ಒಂದು ಸಲ ಕೆಡವಿ ನಾಲ್ಕು ಸಲ ಉರುಳಿಸಿದರೆ ಹತ್ತು, ಫ್ರೀಸ್ಟೈಲ್‌ನಲ್ಲಿ ಹತ್ತಂಕದ ಅಂತರವಾದರೆ ಪಂದ್ಯ ಅಲ್ಲಿಗೇ ಮುಗಿಯಿತು. ಮಣ್ಣಿನ ಕುಸ್ತಿಯಿಂದ ಬಂದವರು ಇಲ್ಲೇ ಸೋಲುವುದು. ಗರಡಿಯಲ್ಲಿ ಬೆನ್ನು ಪೂರ್ತಿ ಹತ್ತುವ ತನಕ ಏನೂ ಆಗಿಲ್ಲವೆಂದೇ ಲೆಕ್ಕ, ಹೊಟ್ಟೆಯ ಮೇಲೆ ಮಲಗಿ ದಣಿವಾರಿಸಿಕೊಳ್ಳುವ ಪೈಲ್ವಾನರನ್ನು ನಾನು ಕಂಡಿದ್ದೇನೆ. ಮ್ಯಾಟ್ ಮೇಲೆ ಹಾಗೆ ಮಲಗಿದರೆ ದಿವಾಳಿ.

ಫೈನಲ್‌ನ ವಿಷಯದಲ್ಲಿ ತಪ್ಪು ಅವರದೇ, ಸಂದೇಹವಿಲ್ಲ. ಲೆಕ್ಕ ಇಡುವುದು ಮೂಲೆಯವರ ಕೆಲಸ. ಆದರೆ ಸೋತ ಮೇಲೆ ಅವರು ಏನು ಮಾಡಿದರು ಎಂದು ವಿಚಾರಿಸಿ. ಹುಡುಗನನ್ನು ಬೈದರೋ, ನಿರ್ಣಾಯಕರನ್ನು ಬೈದರೋ, ತಮ್ಮದೇ ತಪ್ಪು ಎಂದರೋ?

ತೂಕದ ವಿಷಯದಲ್ಲಿ ನಾನು ಬಾಯಿ ತೆರೆಯುವ ಹಕ್ಕು ಕಳೆದುಕೊಂಡವನು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಡಿಪ್ಲೊಮಾ ಜೇಬಿನಲ್ಲಿ ಇಟ್ಟುಕೊಂಡೇ ಹುಡುಗರಿಗೆ ಎರಡೆರಡು ಕಂಬಳಿ ಹೊದಿಸಿ ಬಿಸಿಲಲ್ಲಿ ಓಡಿಸಿದೆ, ನೀರು ಕೊಡದೆ ಉಗುಳಿಸಿದೆ. ಒಬ್ಬ ತೂಕದ ಯಂತ್ರದ ಮೇಲೆಯೇ ಕುಸಿದ. ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ಕೊಡುತ್ತಾರೆ, ಅದು ನಿಷೇಧಿತ ಔಷಧಗಳ ಪಟ್ಟಿಯಲ್ಲೇ ಇದೆ. ನಿಮ್ಮವರು ಒಲ್ಲೆ ಎಂದದ್ದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಆ ವಯಸ್ಸಿನಲ್ಲಿ ನನಗೆ ಆ ಧೈರ್ಯವಿರಲಿಲ್ಲ.

ಮುಧೋಳದ ಹಳೆಯ ಪೈಲ್ವಾನ:

ದಾವಣಗೆರೆಯ ಗುರುಗಳು ದೊಡ್ಡವರು, ಅವರ ಮಾತು ಕಡಿಯುವುದಿಲ್ಲ. ಆದರೆ ಆ ತಂದೆಯ ಪರವಾಗಿ ಇಲ್ಲಿ ಒಬ್ಬರೂ ಮಾತಾಡದಿರುವುದನ್ನು ನೋಡಿ ಬರೆಯುತ್ತಿದ್ದೇನೆ.

ಪದಕ ಮುಖ್ಯವಲ್ಲ ಎನ್ನುವವರು ಸಂಬಳ ಬರುವವರು. ನಮ್ಮ ಕಡೆ ಎರಡೆಕರೆ ಒಣ ಬೇಸಾಯದವನು ಮಗನಿಗೆ ದಿನಕ್ಕೆರಡು ಲೀಟರ್ ಹಾಲು, ಬಾದಾಮಿ, ತುಪ್ಪ ಹೊಂದಿಸುವುದು ಯಾಕೆ? ಒಂದು ಪ್ರಮಾಣಪತ್ರಕ್ಕೆ. ಪೊಲೀಸ್, ರೈಲ್ವೆ, ಸೇನೆ, ಎಲ್ಲಿ ಹೋದರೂ ಕ್ರೀಡಾ ಕೋಟಾದಲ್ಲಿ ಆ ಕಾಗದವನ್ನೇ ಕೇಳುತ್ತಾರೆ. ಸಣ್ಣ ಹುಡುಗನಾದರೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಬಾಲಕರ ಕ್ರೀಡಾ ಕಂಪನಿಗೆ ಪ್ರಯತ್ನಿಸಬಹುದು, ಪದವಿಗೆ ಬಂದವನಿಗೆ ಆ ಬಾಗಿಲೂ ಮುಚ್ಚಿದೆ. ಉಳಿದದ್ದು ಮೂರು ವರ್ಷ, ಮೂರು ಕೂಟ. ಅದರಲ್ಲಿ ಒಂದು ಹೋಯಿತು. ತಂದೆಗೆ ಸಿಟ್ಟು ಬರದೆ ಏನು?

ಮೂರು ದಿನ ಇರುವಾಗ ಬೇಡ ಎಂದದ್ದು ಸರಿ. ಆದರೆ ಮೂರು ತಿಂಗಳ ಹಿಂದೆ ಆ ತರಬೇತುದಾರರು ಎಲ್ಲಿದ್ದರು? ಹುಡುಗ ಒಂದೇ ರಾತ್ರಿಯಲ್ಲಿ ಐದು ಕೆ.ಜಿ. ಏರಲಿಲ್ಲವಲ್ಲ. ನಮ್ಮ ಗರಡಿಯ ಗುರು, ವಸ್ತಾದ, ತಕ್ಕಡಿ ಇಲ್ಲದೆ, ಬರೀ ಕುತ್ತಿಗೆ ಹಿಡಿದು ನೋಡಿ ‘ಈ ವಾರ ರೊಟ್ಟಿ ಜಾಸ್ತಿಯಾಗಿದೆ’ ಎನ್ನುತ್ತಿದ್ದ. 65ಕ್ಕೆ ಹೆಸರು ಕಳುಹಿಸುವ ದಿನ ಯಾರೂ ತೂಗಲಿಲ್ಲವೇ? ಆ ಹೆಸರುಪಟ್ಟಿಗೆ ಸಹಿ ಹಾಕಿದವರು ಯಾರು? ನೀವೇ ಇರಬೇಕು, ಮಾಸ್ತರೇ.

ಇನ್ನೊಂದು. ತರಬೇತುದಾರನನ್ನು ಅಳೆಯುವ ಮೊದಲು ಕಾಲೇಜನ್ನು ಅಳೆಯಿರಿ. ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರನ್ನು ಕಳುಹಿಸಲು ಹಣ ಸಾಲದೆ ಹೋದಾಗ ಅವರು ಓದಿದ್ದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಕೊಟ್ಟರು. ಅದೂ ಒಂದು ಕಾಲೇಜೇ. ನಿಮ್ಮ ಕಾಲೇಜು ಏನು ಕೊಡುತ್ತದೆ? ಮೊಟ್ಟೆಗಾದರೂ ದುಡ್ಡು ಇದೆಯೇ?

ಹುಬ್ಬಳ್ಳಿಯವ, ಈಗ ಅಯೋವಾದಲ್ಲಿ:

ನಾನು ಪೈಲ್ವಾನನಲ್ಲ, ಸಾಫ್ಟ್‌ವೇರ್ ಕೆಲಸ. ಆದರೆ ನಾನಿರುವ ಅಮೆರಿಕದ ಈ ರಾಜ್ಯದಲ್ಲಿ ಕಾಲೇಜು ಕುಸ್ತಿಯೆಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಂತೆ. ಚಳಿಗಾಲದಲ್ಲಿ ಕಚೇರಿಯಲ್ಲಿ ಬೇರೆ ಮಾತೇ ಇಲ್ಲ, ನಾನೂ ಕಲಿತೆ.

ತೂಕದ ವಿಷಯದಲ್ಲಿ ಇಲ್ಲಿನವರು ಬುದ್ಧಿ ಕಲಿತದ್ದು ಮೂವರು ಹುಡುಗರು ಸತ್ತ ಮೇಲೆ. 1997ರ ನವೆಂಬರ್, ಡಿಸೆಂಬರ್‌ನಲ್ಲಿ, ಒಂದೂವರೆ ತಿಂಗಳೊಳಗೆ, ಮೂರು ಬೇರೆ ಬೇರೆ ಕಾಲೇಜುಗಳಲ್ಲಿ. ಮೂವರೂ ರಬ್ಬರ್ ಅಂಗಿ ತೊಟ್ಟು ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿ ಬೆವರಿಳಿಸುತ್ತಿದ್ದವರು. ಆಮೇಲೆ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ರಬ್ಬರ್ ಅಂಗಿಯನ್ನೂ ಉಗಿಕೋಣೆಯನ್ನೂ ನಿಷೇಧಿಸಿತು. ಈಗ ಋತುವಿನ ಆರಂಭದಲ್ಲೇ ಪ್ರತಿಯೊಬ್ಬನ ಮೂತ್ರ ಪರೀಕ್ಷಿಸಿ ದೇಹದಲ್ಲಿ ನೀರು ಸರಿಯಾಗಿದೆಯೇ ನೋಡುತ್ತಾರೆ, ಕೊಬ್ಬಿನಂಶ ಅಳೆಯುತ್ತಾರೆ, ಇದಕ್ಕಿಂತ ಕೆಳಗಿನ ತೂಕದಲ್ಲಿ ನೀನು ಆಡುವಂತಿಲ್ಲ ಎಂದು ಬರೆದುಕೊಡುತ್ತಾರೆ. ವಾರಕ್ಕೆ ದೇಹತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ನಿಮ್ಮ ಹುಡುಗನಿಗೆ ಲೆಕ್ಕ ಹಾಕಿದೆ: 70 ಕೆ.ಜಿ.ಗೆ ವಾರಕ್ಕೆ ಹೆಚ್ಚೆಂದರೆ ಒಂದು ಕೆ.ಜಿ. ಚಿಲ್ಲರೆ. ಐದು ಕೆ.ಜಿ.ಗೆ ಐದು ವಾರ ಬೇಕು. ಮೂರು ದಿನಕ್ಕೆ ಒಪ್ಪದವರು ಹುಡುಗನನ್ನು ಉಳಿಸಿದ್ದಾರೆ. ಮುಧೋಳದ ಹಿರಿಯರ ಪ್ರಶ್ನೆಯೂ ಅಷ್ಟೇ ಸರಿ, ಆ ಐದು ವಾರ ಎಲ್ಲಿ ಹೋಯಿತು?

ಪದಕದ ಬಗ್ಗೆ. ಇಲ್ಲಿ ಡ್ಯಾನ್ ಗೇಬಲ್ ಎಂದರೆ ದೇವರು. ಅಯೋವಾ ವಿಶ್ವವಿದ್ಯಾಲಯಕ್ಕೆ ತರಬೇತುದಾರರಾಗಿ 15 ರಾಷ್ಟ್ರೀಯ ತಂಡ ಪ್ರಶಸ್ತಿ ತಂದುಕೊಟ್ಟವರು. ಈಗಿನ ಕಾಲಕ್ಕೆ ಕೇಲ್ ಸ್ಯಾಂಡರ್ಸನ್. ಕಾಲೇಜಿನಲ್ಲಿ 159 ಪಂದ್ಯ ಆಡಿ ಒಂದನ್ನೂ ಸೋಲದವರು. 2009ರಲ್ಲಿ ತರಬೇತುದಾರರಾಗಿ ಪೆನ್ ಸ್ಟೇಟ್‌ಗೆ ಹೋದರು. ಆ ವಿಶ್ವವಿದ್ಯಾಲಯ ಅದಕ್ಕೆ ಮೊದಲು ತಂಡ ಪ್ರಶಸ್ತಿ ಗೆದ್ದದ್ದು ಒಂದೇ ಸಲ, 1953ರಲ್ಲಿ. ಇವರು ಹೋದ ಮೇಲೆ 2011ರಿಂದ 2025ರೊಳಗೆ ಹನ್ನೆರಡು. ಆದರೆ ಇದನ್ನು ನಿಮ್ಮ ಹಾಳೆಗೆ ಹೋಲಿಸಬೇಡಿ. ಒಮ್ಮೆ ಗೆದ್ದ ತಂಡಕ್ಕೆ ದೇಶದ ಒಳ್ಳೊಳ್ಳೆಯ ಹುಡುಗರು ತಾವಾಗಿಯೇ ಬರುತ್ತಾರೆ, ಆಮೇಲೆ ಅರ್ಧ ಪದಕ ಸೇರ್ಪಡೆಯ ದಿನವೇ ಬಂದಿರುತ್ತದೆ. ನೀವು ಹೇಳಿದ ಕೆನೆಯ ಮಾತೇ ಇಲ್ಲಿಯೂ.

ಇಲ್ಲಿಂದ ಕಲಿಯಬಹುದಾದದ್ದು ಇನ್ನೊಂದಿದೆ. ಪ್ರತಿ ಅವಧಿಯಲ್ಲಿ ವಿದ್ಯಾರ್ಥಿವೇತನದ ಪ್ರತಿಯೊಬ್ಬ ಆಟಗಾರನಿಗೂ ಎರಡು ಅಂಕ: ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು, ಕಾಲೇಜು ಬಿಡದಿದ್ದರೆ ಇನ್ನೊಂದು. ತಂಡದ ಲೆಕ್ಕ 1,000ಕ್ಕೆ 930ಕ್ಕಿಂತ ಕೆಳಗಿಳಿದರೆ ರಾಷ್ಟ್ರೀಯ ಕೂಟಕ್ಕೇ ನಿಷೇಧ ಬೀಳಬಹುದು. ನಿಮ್ಮ ಇಪ್ಪತ್ತಮೂರರಲ್ಲಿ ಎಷ್ಟು ಜನ ಸೆಮಿಸ್ಟರ್ ಪಾಸಾದರು, ಎಷ್ಟು ಜನ ನಡುವೆ ಬಿಟ್ಟರು? ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸ.

ಹಳಿಯಾಳದ ಕಡೆಯವಳು:

ನಾನು ಕಾಲೇಜಿನಲ್ಲಿ ಮೂರು ವರ್ಷ ಕುಸ್ತಿ ಆಡಿದವಳು, ಈಗ ಪೊಲೀಸ್ ಇಲಾಖೆಯಲ್ಲಿದ್ದೇನೆ. ಎಲ್ಲ ಅಣ್ಣಂದಿರೂ ಬರೆದರು. ಸರ್, ನಿಮ್ಮ ಆರು ಹುಡುಗಿಯರ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಮೊದಲ ತರಬೇತುದಾರರು ಪದಕದ ಮನುಷ್ಯ. ನನ್ನ ಮೊಣಕಾಲು ಅಭ್ಯಾಸದಲ್ಲಿ ಟಪ್ ಎಂದಾಗ ‘ಅರಿಶಿನ ಹಚ್ಚು, ಶುಕ್ರವಾರ ಪಂದ್ಯ’ ಎಂದರು. ಆಡಿದೆ, ಗೆದ್ದೆ. ಮರುವಾರ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಒಳಗಿನ ಲಿಗಮೆಂಟ್ ಹರಿದಿತ್ತು. ಇವತ್ತಿಗೂ ಠಾಣೆಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುತ್ತೇನೆ. ಆ ಪದಕ ಕಾಲೇಜಿನ ಗಾಜಿನ ಕಪಾಟಿನಲ್ಲಿದೆ.

ಎರಡನೆಯವರು ಬಂದ ಮೊದಲ ವಾರ ಮಾಡಿದ ಕೆಲಸವೆಂದರೆ ನಮ್ಮ ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದ್ದು. ಎರಡು ವರ್ಷದಿಂದ ಇರಲಿಲ್ಲ. ಹುಡುಗಿಯರ ತೂಕವನ್ನು ಗ್ರಂಥಾಲಯದ ಅಕ್ಕನ ಕೈಯಲ್ಲಿ ಬೇರೆ ಕೋಣೆಯಲ್ಲಿ ಬರೆಸುತ್ತಿದ್ದರು. ಮುಟ್ಟಿನ ದಿನಗಳಲ್ಲಿ ತೂಕ ಏರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅದನ್ನು ನಾಚಿಕೆಯಿಲ್ಲದೆ ಹೇಳಬಹುದಿತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಅವರು 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡ ದಿನ ಅವರು ನನಗೆ ಫೋನ್ ಮಾಡಿ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆ ಹುಡುಗಿಯರನ್ನು ಕೂರಿಸಿ ಮಾತಾಡಿಸಿ. ತರಬೇತುದಾರರು ಅಲ್ಲಿರಬಾರದು, ನೀವೂ ಇರಬಾರದು. ಯಾರಾದರೂ ಮಹಿಳಾ ಉಪನ್ಯಾಸಕರು ಕೇಳಲಿ. ಕೂಟಕ್ಕೆ ಹೋಗುವಾಗ ಜೊತೆಗೆ ಯಾರು ಬರುತ್ತಾರೆ, ಗಾಯವಾದರೆ ಯಾರಿಗೆ ಹೇಳುತ್ತೀರಿ, ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ ಎಂದು ಗೊತ್ತೇ? ಈ ಮೂರು ಸಾಕು. 2023ರಲ್ಲಿ ದೇಶದ ಅತಿ ದೊಡ್ಡ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಹೋಗಿ ಕೂರಬೇಕಾಯಿತು. ಕಾಲೇಜಿನ ಹುಡುಗಿಗೆ ಅಷ್ಟು ದೂರ ಹೋಗಲಾಗುವುದಿಲ್ಲ ಸರ್.

ವಾಲಿಬಾಲ್ ಮಾಸ್ತರ, ಧಾರವಾಡ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ವರದಿ ಬರೆದು ಕೊಟ್ಟೆ. ಇಷ್ಟು ಜನ ತಿದ್ದಿದ ಮೇಲೆ ಆದದ್ದನ್ನು ಹೇಳಬೇಕಲ್ಲ.

ಮಂಗಳವಾರ ಹೇಳದೆ ಹೋದೆ. ಐದೂಕಾಲು, ಇನ್ನೂ ಕತ್ತಲೆ. ಬಾಗಿಲ ಬಳಿ ಬಕೆಟ್, ಕ್ರಿಮಿನಾಶಕದ ವಾಸನೆ. ತರಬೇತುದಾರರು ಪ್ಯಾಂಟ್ ಮೊಣಕಾಲಿಗೆ ಮಡಚಿಕೊಂಡು ತಾವೇ ಮ್ಯಾಟ್ ಒರೆಸುತ್ತಿದ್ದರು. ನಮ್ಮದು ಚಿಕ್ಕ ಮ್ಯಾಟ್, ನಿಯಮದ 9 ಮೀಟರ್ ವೃತ್ತ ಅದರಲ್ಲಿ ಹಿಡಿಯುವುದಿಲ್ಲ, ಅಂಚಿನಲ್ಲಿ ಎರಡು ಕಡೆ ಹರಿದ ಜಾಗಕ್ಕೆ ಸೈಕಲ್ ಟ್ಯೂಬ್ ಅಂಟಿಸಿದ್ದಾರೆ. ಹುಡುಗರು ಒಳಗೆ ಬರುವಾಗ ಒಬ್ಬೊಬ್ಬರೂ ಮುಂಗೈ ತಿರುಗಿಸಿ ತೋರಿಸಿ ಬರುತ್ತಿದ್ದರು, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿದ ಹಾಗೆ. ಒಬ್ಬನನ್ನು ಹಿಂದಕ್ಕೆ ಕಳುಹಿಸಿದರು. ದಾವಣಗೆರೆಯ ಗುರುಗಳೇ, ನೀವು ಬರೆಯದಿದ್ದರೆ ಅದು ಏನೆಂದು ನನಗೆ ತಿಳಿಯುತ್ತಿರಲಿಲ್ಲ.

ಆಮೇಲೆ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಗೋಡೆಗೆ ಕೈಯಿಂದ ತಿರುವುವ ಅಂಕಫಲಕ ಒರಗಿಸಿ ಆರಕ್ಕೆ ಆರು ಇಟ್ಟರು. ಇಬ್ಬರನ್ನು ನಿಲ್ಲಿಸಿ, ‘ಇವನ ಹತ್ತಿರ ಒಂದು ನಾಲ್ಕು ಇದೆ. ಇಪ್ಪತ್ತು ಸೆಕೆಂಡು. ಗೆಲ್ಲುತ್ತಿರುವವರು ಯಾರು?’ ಎಂದು ಮೂಲೆಯಲ್ಲಿ ಕುಳಿತವರನ್ನೆಲ್ಲ ಕೇಳಿದರು. ಉತ್ತರ ಬಂದ ಮೇಲೆಯೇ ಸೀಟಿ. ಮುಂದಿನ ಜೋಡಿಗೆ ಲೆಕ್ಕ ಬೇರೆ, ಮೂರಕ್ಕೆ ಮೂರು. ಬೆಳ್ಳಿಯ ಹುಡುಗ ಆರು ಸಲ ಆಡಿದ. ಮುಗಿದ ಮೇಲೆ ನಾನೇ ಬಾಯಿಬಿಟ್ಟು ಕೇಳಿದೆ. ‘ಫೈನಲ್ ದಿನ ನಾನೇ ಲೆಕ್ಕ ತಪ್ಪಿದೆ ಸರ್. ಹುಡುಗ ಮೂರನೆಯ ಸಲ ಕಾಲು ಹಿಡಿದಾಗ ಖುಷಿಯಲ್ಲಿ ಮರೆತೆ. ಬಸ್ಸಿನಲ್ಲೇ ಹುಡುಗರ ಮುಂದೆ ಒಪ್ಪಿಕೊಂಡಿದ್ದೇನೆ’ ಎಂದರು.

ದಿನಚರಿಯ ವಿಷಯ ಎತ್ತಿದೆ. ಜೇಬಿನಿಂದ ಒಂದು ಚಿಕ್ಕ ನೋಟ್ ಪುಸ್ತಕ ತೆಗೆದರು, ಬೆವರಿಗೆ ಅಂಚು ಉಬ್ಬಿ ಹೋಗಿದೆ. ಪೆನ್ಸಿಲ್‌ನಲ್ಲಿ ದಿನದಿನದ ತೂಕ, ಯಾರ ಭುಜ ನೋಯುತ್ತಿದೆ, ಯಾರ ಮನೆಯಲ್ಲಿ ಜಗಳ, ಯಾರು ಊಟ ಬಿಟ್ಟಿದ್ದಾನೆ. ಕಚೇರಿಯ ದಿನಚರಿಯಲ್ಲಿ ಬರೆಯಲು ಇಂಗ್ಲಿಷ್ ಬರುವುದಿಲ್ಲ ಎಂದು ಖಾಲಿ ಬಿಟ್ಟಿದ್ದಂತೆ. ಕನ್ನಡದಲ್ಲಿ ಬರೆಯಬಹುದೆಂದು ನಾನು ಯಾವತ್ತೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಅದೇ ಪುಸ್ತಕದಲ್ಲಿ ಮುಧೋಳದ ಯಜಮಾನರ ಪ್ರಶ್ನೆಗೂ ಉತ್ತರವಿತ್ತು, ಅದು ತರಬೇತುದಾರರಿಗೆ ಅನುಕೂಲವಾದ ಉತ್ತರವಲ್ಲ. ಆ ಹುಡುಗನ ತೂಕ ಆಗಸ್ಟ್‌ನಿಂದಲೂ 69, 70, 69.8. ಅವರಿಗೆ ಗೊತ್ತಿತ್ತು. ಹುಡುಗನಿಗೆ ಎರಡು ಸಲ ಹೇಳಿದ್ದಾರೆ, 70ರಲ್ಲಿ ಇನ್ನೊಂದು ಕಾಲೇಜಿನ ಬಲವಾದ ಪೈಲ್ವಾನ ಇದ್ದಾನೆಂದು ಹುಡುಗ 65ಕ್ಕೇ ಜೋತುಬಿದ್ದ. ತಂದೆಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೆಸರುಪಟ್ಟಿಗೆ ಸಹಿ ಹಾಕಿದವನು ನಾನೇ, ನೀವು ಊಹಿಸಿದ ಹಾಗೆ. ತೂಕದ ಅಂಕಣವನ್ನು ನೋಡದೆ ಹಾಕಿದೆ. ವರದಿಯಲ್ಲಿ ಎರಡನ್ನೂ ಬರೆದಿದ್ದೇನೆ.

ವಿಡಿಯೊ ಹನ್ನೊಂದು ಸಿಕ್ಕವು. ಹನ್ನೊಂದರಲ್ಲಿ ಏಳರಲ್ಲಿ ಮೊದಲ ಅಂಕ ನಮ್ಮದು. ಕೆಳಗೆ ಬಿದ್ದ ಮೇಲೆ ಉರುಳಿಸಿಕೊಂಡದ್ದು ಎರಡೇ ಪಂದ್ಯಗಳಲ್ಲಿ. ಆದರೆ ಕೊನೆಯ ಅರ್ಧ ನಿಮಿಷದಲ್ಲಿ ಅಂಕ ಬಿಟ್ಟುಕೊಟ್ಟದ್ದು ಆರರಲ್ಲಿ. ಉಸಿರು ಸಾಲುತ್ತಿಲ್ಲ ಎಂದು ನನಗೂ ಕಂಡಿತು, ಅದಕ್ಕೆ ಕುಸ್ತಿ ಗೊತ್ತಿರಬೇಕಿಲ್ಲ. ಅಯೋವಾದ ತಮ್ಮ ಕೇಳಿದ ಲೆಕ್ಕ: ಎರಡು ವರ್ಷಗಳಲ್ಲಿ ಕಾಲೇಜು ಬಿಟ್ಟವನು ಒಬ್ಬ, ಅದೂ ಸೇನೆಗೆ ಆಯ್ಕೆಯಾಗಿ. ಸೆಮಿಸ್ಟರ್‌ನಲ್ಲಿ ವಿಷಯ ಉಳಿಸಿಕೊಂಡವರು ಒಂಬತ್ತು ಜನ, ಹೆಚ್ಚಿನವರು ಇಂಗ್ಲಿಷ್‌ನಲ್ಲೇ.

ಹುಡುಗಿಯರನ್ನು ನಮ್ಮ ಸಮಾಜಶಾಸ್ತ್ರದ ಮೇಡಂ ಕೂರಿಸಿಕೊಂಡು ಮಾತಾಡಿದರು. ತರಬೇತುದಾರರ ಮೇಲೆ ದೂರಿಲ್ಲ. ಕಾಲೇಜಿನ ಮೇಲಿದೆ: ಹೊರಗಿನ ಕೂಟಕ್ಕೆ ಎರಡು ಸಲ ಮಹಿಳಾ ಸಿಬ್ಬಂದಿ ಇಲ್ಲದೆ ಕಳುಹಿಸಿದ್ದೇವೆ. ಕೋಣೆಗೆ ಚಿಲಕವೂ ಇಲ್ಲ, ಕುರ್ಚಿ ಅಡ್ಡ ಇಟ್ಟುಕೊಳ್ಳುತ್ತಾರಂತೆ. ಮರುದಿನ ನಾನೇ ಬಡಗಿಯನ್ನು ಕರೆದುಕೊಂಡು ಬಂದು ಹಾಕಿಸಿದೆ. ಎಂಬತ್ತು ರೂಪಾಯಿಯ ಚಿಲಕ. ತಂಗಿ, ನೀನು ಬರೆದದ್ದನ್ನು ಮೇಡಂ ಮುದ್ರಿಸಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ.

ಖಾಶಾಬಾ ಜಾಧವರ ಪ್ರಾಂಶುಪಾಲರ ಕಥೆಯನ್ನು ನಮ್ಮ ಪ್ರಾಂಶುಪಾಲರಿಗೆ ಹೇಳಿದೆ. ‘ನನ್ನದು ಬಾಡಿಗೆ ಮನೆ’ ಎಂದರು. ಆದರೆ ಆಹಾರ ಭತ್ಯೆ ನಾಲ್ಕು ತಿಂಗಳಿಂದ ಬಾಕಿ ಇರುವ ಕಡತ ಅದೇ ಸಂಜೆ ಅವರ ಮೇಜಿನಿಂದ ಹೊರಟಿತು.

ಮುಂದುವರಿಸಬೇಕು ಎಂದು ಬರೆದೆ. ಆಗಸ್ಟ್ ಕೊನೆಯೊಳಗೆ ಪ್ರತಿಯೊಬ್ಬರ ತೂಕದ ವರ್ಗವನ್ನು ಲಿಖಿತವಾಗಿ ತೀರ್ಮಾನಿಸಿ ಪಾಲಕರಿಗೆ ತಿಳಿಸಬೇಕು, ಹೆಸರುಪಟ್ಟಿಯ ದಿನ ನನ್ನೆದುರು ತೂಗಬೇಕು, ಮೂಲೆಯಲ್ಲಿ ಲೆಕ್ಕ ಬರೆಯಲು ಒಬ್ಬ ಹುಡುಗ ಬೇರೆ ಇರಬೇಕು ಎಂದು ಸೇರಿಸಿದೆ. ‘ಒಟ್ಟು’ ಚೌಕವನ್ನು ಖಾಲಿ ಬಿಟ್ಟಿದ್ದಕ್ಕೆ ಗುಮಾಸ್ತರು ಎರಡು ಸಲ ಫೋನ್ ಮಾಡಿದರು. ಕೊನೆಗೆ 71 ಎಂದೆ. ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ.

ತಂದೆಯ ಪತ್ರಕ್ಕೆ ಮಾತ್ರ ಇನ್ನೂ ಉತ್ತರ ಬರೆದಿಲ್ಲ.

ಮುಧೋಳದ ಹಳೆಯ ಪೈಲ್ವಾನ:

ಪತ್ರ ಬರೆಯಬೇಡಿ, ಹೋಗಿ. ಒಬ್ಬರೇ ಹೋಗಬೇಡಿ, ತರಬೇತುದಾರರನ್ನು ಕರೆದುಕೊಂಡು ಹೋಗಿ. ಆ ಪೆನ್ಸಿಲ್ ಪುಸ್ತಕವೂ ಜೊತೆಗಿರಲಿ. ಮೊದಲ ಅರ್ಧ ಗಂಟೆ ಬೈಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಊಟಕ್ಕೆ ಏಳಿ ಎಂದರೆ ಒಲ್ಲೆ ಎನ್ನಬೇಡಿ.

ವಾಲಿಬಾಲ್ ಮಾಸ್ತರ, ಧಾರವಾಡ ಜಿಲ್ಲೆ:

ಭಾನುವಾರ ಹೊರಟಿದ್ದೇವೆ. ಮೋಟಾರ್ ಸೈಕಲ್ ಅವರದು, ಪೆಟ್ರೋಲ್ ನನ್ನದು.